ದೋಣಿಯಷ್ಟು ಉದ್ದದ ಗೋರಿ

ವೈಪುಲು ಕೇರಿಯ ಫುವಾತಿನೋ ಬಾಯಿ ತೆರೆದರೆ ಸಮೋವಾ ದ್ವೀಪದ ಕಡಲೇ ಕಿವಿ ಮುಚ್ಚಿಕೊಂಡು ಎರಡು ಮಾರು ಹಿಂದೆ ಸರಿಯುತ್ತಿತ್ತು. ಅದಕ್ಕೇ, ಚರ್ಚಿನ ನೂರನೇ ವರ್ಷದ ನೆಪದಲ್ಲಿ ಕೇರಿಯ ಹಳೆಯ ಕತೆ ಕೂಡಿಸುವ ಕೆಲಸವನ್ನು ಪಾದ್ರಿ ಅವಳಿಗೇ ಒಪ್ಪಿಸಿದರು. ಓದಿದವಳೇನಲ್ಲ. ಆದರೆ ಅಲ್ಲಿ ಓದುವುದಕ್ಕೇನಿದೆ? ಪ್ರತಿ ಮನೆಯೂ ತನ್ನ ಸತ್ತವರನ್ನು ಅಂಗಳದಲ್ಲೇ ಹೂಳುತ್ತದೆ. ಗೋರಿ ಯಾರದೋ, ಮನೆಯೂ ನೆಲವೂ ಅವರದೇ. ಗೋರಿಕಟ್ಟೆಯ ಮೇಲೆ ಕೂತು, ಅವರು ಕೊಟ್ಟ ಕೋಕೋ ಕುಡಿದು, ಕೇಳಿದರಾಯಿತು.

ಅವಳದೇ ಅಂಗಳದ ಗೋರಿಗೆ ಮಾತ್ರ ಹೆಸರಿರಲಿಲ್ಲ. ದೋಣಿಯಷ್ಟು ಉದ್ದ. "ನಮ್ಮ ಮುತ್ತಜ್ಜ ಅಷ್ಟೆತ್ತರ ಇದ್ದ, ತೆಂಗಿನಕಾಯಿನ ಬಗ್ಗಿ ಕೀಳ್ತಿದ್ದ" ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು. ಹಾಸಿಗೆ ಹಿಡಿದಿದ್ದ ಅವಳ ತಾಯಿಗೆ ಉಳಿದದ್ದು ಒಂದೇ ಆಸೆ, ಆ ಮುತ್ತಜ್ಜನ ಪಕ್ಕ ಮಲಗುವುದು.

ಹೆಸರು ಕೇಳಲು ಎದುರು ಮನೆಯ ಮುದುಕ ಪೆತಾಯಾನ ಹತ್ತಿರ ಹೋದಳು.

"ಬಿಡೇ ಮಗಳೇ, ಕೋಕೋ ಕುಡಿ."

"ಹೇಳಲ್ವಾ ಅಜ್ಜಾ? ಹಂದಿ ಕದ್ದು ಓಡಿಬಂದ ವಂಶ ನಿಂದು ಅಂತ ಬರೆಸ್ತೀನಿ ನೋಡು!"

ಮುದುಕ ನಗಲಿಲ್ಲ. "ಅದರೊಳಗೆ ಒಬ್ಬನಲ್ಲ, ಒಂದು ಮನೆಗೆ ಮನೆಯೇ ಇದೆ. ಹಡಗಲ್ಲಿ ಬಂದ ಜ್ವರಕ್ಕೆ ಊರಿಗೂರೇ ಸತ್ತಿತಲ್ಲ, ಆ ವರ್ಷ ಎಲ್ಲರನ್ನೂ ಚಾಪೆ ಸುತ್ತಿ ಒಂದೇ ಗುಂಡಿಗೆ ಇಳಿಸಿದ್ರು. ಹೂಳೋಕೆ ಬಂದವರು ನಿಮ್ಮವರು. ಮನೆ ಖಾಲಿ ಇತ್ತು, ಉಳ್ಕೊಂಡ್ರು."

"ಆ ಮನೇಲಿ ಒಬ್ರೂ ಬದುಕಲಿಲ್ವಾ?"

"ಒಂದು ಹಸುಗೂಸು. ಈ ಮನೆಯವರು ಎತ್ಕೊಂಡು ಬಂದು ಸಾಕಿದ್ರು. ನಮ್ಮವ್ವ ಅದು." ಅವನು ದನಿ ತಗ್ಗಿಸಿದ. "ನನ್ನ ಮಕ್ಕಳಿಗೆ ಗೊತ್ತಿಲ್ಲ. ನೀನೂ ಮರೆತುಬಿಡು."

ಮರೆಯುವುದು ಹೇಗೆ? ಯಾರ ಮನೆ ಕಸಿದುಕೊಂಡೆವೋ ಅವರ ಪಕ್ಕ ಅಮ್ಮನನ್ನು ಯಾವ ಮುಖದಲ್ಲಿ ಮಲಗಿಸುವುದು? ತಪ್ಪು ಮಾಡಿದವರಿಗೆ ಅಲ್ಲಿ ಒಂದೇ ದಾರಿ. ನೊಂದವರ ಮನೆ ಮುಂದೆ ತಲೆ ಮೇಲೆ ನಯವಾಗಿ ಹೆಣೆದ ಚಾಪೆ ಹೊದ್ದು ಕೂರಬೇಕು, ಅವರಾಗಿ ಚಾಪೆ ಎತ್ತುವವರೆಗೂ ತುಟಿ ಬಿಚ್ಚಬಾರದು. ಬೆಳಕು ಹರಿಯುತ್ತಲೇ ಫುವಾತಿನೋ ಪೆತಾಯಾನ ಮನೆ ಮುಂದೆ ಹೋಗಿ ಕೂತಳು.

ಕೇರಿಗೆ ಕೇರಿಯೇ ನೆರೆಯಿತು. ಮುದುಕನ ಇಬ್ಬರು ಮಕ್ಕಳೂ ಹೊರಬಂದರು.

"ಏನೇ ಫುವಾತಿನೋ, ನಮ್ಮ ಹಂದಿ ಕೊಂದ್ಯಾ? ಯಾವತ್ತೂ ಮುಚ್ಚದ ಬಾಯಿ, ಇವತ್ತೇನಾಯ್ತು?" ಎಂದ ದೊಡ್ಡವನು.

ಚಾಪೆ ಎತ್ತುವ ಮುಂಚೆ ತಪ್ಪೇನೆಂದು ನೆರೆದವರಿಗೆ ತಿಳಿಯಬೇಕು. ಮುದುಕ ಹೇಳಲೇಬೇಕಾಯಿತು. ಹೇಳಿ, ಚಾಪೆ ಎತ್ತಿದ.

"ಕ್ಷಮಿಸಿದೆ ಹೋಗು. ಆದರೆ ನಾನೊಬ್ಬನೇ ನುಂಗ್ಕೊಂಡಿದ್ದೆನಲ್ಲೇ ತಾಯಿ," ಎಂದು ಪಿಸುಗುಟ್ಟಿದ. "ಈಗ ಇವರೂ ಕೇಳಿಸ್ಕೊಂಡ್ರು."

ಅಷ್ಟರಲ್ಲಿ ಮಕ್ಕಳು ದಾರಿ ದಾಟಿ ಅವಳ ಅಂಗಳದಲ್ಲಿದ್ದರು. ದೊಡ್ಡವನು ಗೋರಿಯ ಪಕ್ಕ ನಿಂತು ಕೂಗಿದ. "ಅಪ್ಪ ಕೊಟ್ಟಿದ್ದು ಕ್ಷಮೆ, ನೆಲ ಅಲ್ಲ. ಇನ್ಮೇಲೆ ಇಲ್ಲಿ ನಿಮ್ಮವರು ಯಾರನ್ನೂ ಹೂಳೋ ಹಾಗಿಲ್ಲ!" ಚಿಕ್ಕವನು ಹಗ್ಗ ಹಿಡಿದು ಅಂಗಳ ಅಳೆಯುತ್ತಿದ್ದ. ಮುದುಕ ಬೈದ, ಅತ್ತ. ಯಾರೂ ತಿರುಗಿ ನೋಡಲಿಲ್ಲ.

ಒಳಗಿನಿಂದ ತಾಯಿ ಕೇಳಿದಳು. "ಹೊರಗೇನೇ ಅದು ಗದ್ದಲ?"

ಫುವಾತಿನೋ ಒಳಗೆ ಬಂದು ಪಕ್ಕದಲ್ಲಿ ಕೂತು ಅವಳ ಕಾಲು ಒತ್ತಿದಳು.

"ಜಾಗ ಅಳೀತಿದಾರೆ ಅಮ್ಮಾ. ನಿನಗೆ."

"ಎದುರು ಮನೆ ಹುಡುಗರಾ? ಒಳ್ಳೇ ಮಕ್ಕಳು," ಎಂದು ತಾಯಿ ಕಣ್ಣು ಮುಚ್ಚಿದಳು.

ಅದೇ ವಾರ ತೀರಿಕೊಂಡ ತಾಯಿಯನ್ನು ಚರ್ಚಿನ ಹಿಂದೆ, ದಿಕ್ಕಿಲ್ಲದವರ ಸಾಲಿನಲ್ಲಿ ಹೂತರು.