ಗಾಜಿನ ಮೇಲಿನ ಸೊಟ್ಟ ಗೆರೆ

ಟೈಲರಕ್ಕನ ಹೊಲಿಗೆ ಸೊಟ್ಟಗಿದೆ ಎಂದು ಆ ಬೀದಿಯಲ್ಲಿ ಅದುವರೆಗೆ ಯಾರೂ ಬಾಯಿ ಬಿಟ್ಟಿರಲಿಲ್ಲ. ಬಿಡುವಷ್ಟು ಧೈರ್ಯವೂ ಯಾರಿಗೂ ಇರಲಿಲ್ಲ ಎನ್ನಿ. ಮದುವೆಯ ಬಟ್ಟೆಯಿಂದ ಹಿಡಿದು ಶಾಲೆಯ ಚೀಲದ ಪಟ್ಟಿಯವರೆಗೆ, ಅವಳ ಮಿಷನ್ನಿನ ಸೂಜಿಯ ಕೆಳಗೆ ಹಾದುಹೋದದ್ದೆಲ್ಲ ನೆಟ್ಟಗೇ ಹೊರಗೆ ಬರುತ್ತಿತ್ತು. ಕೊನೆಗೆ ಆ ಮಾತಾಡಿದವನು ಹೊರಗಿನವನೂ ಅಲ್ಲ, ಕಟ್ಟಿಕೊಂಡ ಗಂಡ.

"ಲೇ, ಈ ಪರದೆಯ ಅಂಚು ನೋಡು. ನಡುವಲ್ಲಿ ಹೆಂಗೆ ಬಾಗಿದೆ! ನಿದ್ದೆಗಣ್ಣಲ್ಲಿ ಹೊಲಿದ್ಯಾ?"

ಅವಳು ಪರದೆಯನ್ನು ಇಳಿಸಿ, ನೆಲದ ಮೇಲೆ ಹಾಸಿ, ಉದ್ದನೆಯ ಮರದ ಸ್ಕೇಲ್ ಇಟ್ಟು ನೋಡಿದಳು. ಕೂದಲೆಳೆಯಷ್ಟೂ ಆಚೀಚೆ ಆಗಿರಲಿಲ್ಲ. ಆದರೂ ಗಂಡ ಸುಮ್ಮಸುಮ್ಮನೆ ತಪ್ಪು ಹುಡುಕುವ ಜಾತಿಯವನಲ್ಲವಲ್ಲ ಎಂದು ಹೊಲಿಗೆ ಬಿಚ್ಚಿ, ಇಸ್ತ್ರಿ ಹಾಕಿ, ಮತ್ತೆ ಹೊಲಿದಳು. ಅವನು ಬಾಗಿಲ ಬಳಿ ನಿಂತು ತಲೆಯನ್ನು ಒಂದು ಕಡೆ ವಾಲಿಸಿ ನೋಡಿದ. ಇನ್ನೂ ಸೊಟ್ಟ ಅಂದ. ಮೂರನೇ ಸಲ ಹೊಲಿದಾಗಲೂ ಅದೇ ರಾಗ ಎಳೆದಾಗ ಅವಳ ಪಿತ್ತ ನೆತ್ತಿಗೇರಿತು.

"ಹೊಲಿಗೆ ನೆಟ್ಟಗೇ ಇದೆ. ನಿಮ್ಮ ಕಣ್ಣಿಗೇನು ಬಂದಿದೆ ರೋಗ?"

ಜಗಳಕ್ಕೆ ಸೊಂಟ ಕಟ್ಟಿ ನಿಂತಳು. ಅವನು ಚಪ್ಪಲಿ ಮೆಟ್ಟಿಕೊಂಡು ಕಾರಿನ ಹತ್ತಿರ ಹೋಗಿಬಿಟ್ಟ. ಮುನಿಸು ಎಂದುಕೊಂಡಳು ಅವಳು. ಮುನಿಸಿಕೊಂಡರೆ ಹೊಟ್ಟೆ ಹಸಿದಾಗ ಇಳಿಯುತ್ತದೆ ಎಂದು ಅವಳೂ ಸುಮ್ಮನಾದಳು.

ಪರದೆಯ ಜಗಳದ ಹೊತ್ತಿಗೆ ಕಾರಿನ ರಿಪೇರಿ ಶುರುವಾಗಿ ಆಗಲೇ ಬಹಳ ದಿನವಾಗಿತ್ತು. ಅವನದು ಬಾಡಿಗೆಗೆ ಓಡಿಸುವ ಕಾರು. ಶಾಲೆ ಇರುವ ದಿನಗಳಲ್ಲಿ ಬೆಳಗ್ಗೆ ಬೀದಿಯ ಮಕ್ಕಳನ್ನು ಹತ್ತಿಸಿಕೊಂಡು ಹೋಗಿ ಬಿಟ್ಟು, ಸಂಜೆ ಕರೆತರುತ್ತಿದ್ದ. ಮಕ್ಕಳು ಅವನಿಗಿಟ್ಟ ಹೆಸರು ಆಮೆ ಮಾಮ. ಸೈಕಲ್ಲಿನವರು ಗಂಟೆ ಬಾರಿಸಿಕೊಂಡು ಹಿಂದೆ ಹಾಕಿ ಹೋದರೂ ಅವನ ಕಾರು ತನ್ನ ಪಾಡಿಗೆ ತಾನು ಹೋಗುತ್ತಿತ್ತು. ಆ ಕಾರಣಕ್ಕೇ ತಾಯಂದಿರು ಕಣ್ಣು ಮುಚ್ಚಿಕೊಂಡು ಮಕ್ಕಳನ್ನು ಅವನ ಕೈಗೆ ಒಪ್ಪಿಸುತ್ತಿದ್ದರು. ಅಷ್ಟು ವರ್ಷದಲ್ಲಿ ಕಾರಿಗೆ ಒಂದು ಗೀರೂ ಬಿದ್ದಿರಲಿಲ್ಲ.

ಯಾರೋ ಸಿರಿವಂತರು ಬಳಸಿ ಮಾರಿದ ಆ ಕಾರಿನಲ್ಲಿ ಅವನಿಗೆ ಪ್ರಾಣವೆಂದರೆ ಒಂದೇ ವಸ್ತು. ಮುಂಗಾಜಿನ ಮೇಲೆ ಹಸಿರು ಬೆಳಕಲ್ಲಿ ವೇಗದ ಅಂಕಿ ಮೂಡಿಸುವ ಹೆಡ್-ಅಪ್ ಡಿಸ್‌ಪ್ಲೇ. ಅಷ್ಟುದ್ದದ ಹೆಸರು ಯಾರು ಹೇಳುತ್ತಾರೆ ಎಂದು ಅವನು ಅದಕ್ಕೆ ಗಾಜಿನ ಮೀಟರು ಎಂದೇ ಕರೆಯುತ್ತಿದ್ದ. ಸ್ಟೇರಿಂಗಿನ ಆಚೆ, ಡ್ಯಾಶ್‌ಬೋರ್ಡಿನಲ್ಲಿ ಒಂದು ಸಣ್ಣ ಹಳ್ಳದಂಥ ಗುಂಡಿ. ಗುಂಡಿಯೊಳಗೆ ಪುಟ್ಟ ದೀಪ, ಅದರ ಮುಂದೆ ಕನ್ನಡಿ. ಕನ್ನಡಿ ಎಸೆದ ಬೆಳಕು ಗಾಜಿಗೆ ತಾಗಿ, ಬಾನೆಟ್ಟಿನ ತುದಿಯಲ್ಲಿ ಅಂಕಿಯೊಂದು ಗಾಳಿಯಲ್ಲಿ ನಿಂತ ಹಾಗೆ ಕಾಣುತ್ತಿತ್ತು. ಅಂಕಿಯ ಕೆಳಗೊಂದು ಹಸಿರು ಗೆರೆ. ಆದರೆ ಅದು ಕಾಣುವುದು ಚಾಲಕನ ಸೀಟಿನಲ್ಲಿ ಕೂತವರಿಗೆ ಮಾತ್ರ. ಪಕ್ಕದಲ್ಲಿ ಕೂತ ಹೆಂಡತಿಗೆ ಬರೀ ಗಾಜು, ಗಾಜಿನಾಚೆ ರಸ್ತೆ. "ತಲೆ ಬಗ್ಗಿಸೋ ಹಂಗೇ ಇಲ್ಲ ಕಣೇ, ಕಣ್ಣು ರಸ್ತೆ ಮೇಲೇ ಇರುತ್ತೆ," ಎಂದು ಅವನು ಹೊಗಳುವಾಗಲೆಲ್ಲ ಅವಳು ಕಾಣದ ವಸ್ತುವಿಗೆ ತಲೆಯಾಡಿಸುತ್ತಿದ್ದಳು.

ಶಾಲೆಗೆ ರಜೆ ಬಿದ್ದ ಮಾರನೇ ದಿನವೇ ಅವನು ಮೀಟರು ಕೆಟ್ಟಿದೆ ಅಂದ. ಗೆರೆ ನಡುವಲ್ಲಿ ಬಾಗಿದೆಯಂತೆ, ಸೊನ್ನೆಯ ಹೊಟ್ಟೆ ಒಳಗೆ ಹೋಗಿದೆಯಂತೆ. ಮೊದಲು ಗಾಜು ತಿಕ್ಕಿದ. ಆಮೇಲೆ ಫ್ಯೂಸ್ ಬದಲಿಸಿದ. ಫೋನಿನಲ್ಲಿ ಯಾರೋ ರಿಪೇರಿ ಮಾಡುವ ವಿಡಿಯೋ ಹಾಕಿಕೊಂಡು, ನಿಲ್ಲಿಸಿ ನಿಲ್ಲಿಸಿ ನೋಡಿ, ಡ್ಯಾಶ್‌ಬೋರ್ಡನ್ನೇ ಬಿಚ್ಚಿ ಜಗಲಿಯ ಮೇಲೆ ಹರವಿದ. ಸ್ಕ್ರೂಗಳನ್ನು ಹಾಕಲು ಬೇರೆ ಜಾಗ ಸಿಗದೆ ಅವಳ ಗುಂಡಿಯ ಡಬ್ಬಿಗೇ ಕೈ ಹಾಕಿದ. ಒಬ್ಬರ ಅಂಗಿಗೆ ಗುಂಡಿ ಹಚ್ಚಲು ಕೂತರೆ ಕೈಗೆ ಸಿಗುವುದು ಸ್ಕ್ರೂ. "ಅಂಗಿಗೆ ಇದನ್ನೇ ತಿರುಗಿಸಿ ಕೊಡ್ಲಾ?" ಎಂದು ಅವಳು ಕೂಗಿದಳು. ಅವನು ನಗಲಿಲ್ಲ. ಸಣ್ಣ ಮಾತಿಗೂ ನಗುವ ಮನುಷ್ಯ ಹೀಗೆ ಮುಖ ಗಂಟಿಕ್ಕಿಕೊಂಡು ಓಡಾಡುವುದು ಅವಳಿಗೆ ಸರಿಬರಲಿಲ್ಲ.

ಮೂಲೆಯ ಗ್ಯಾರೇಜಿನವನು ಒಮ್ಮೆ ತಾನಾಗಿಯೇ ಬಂದ. "ಸ್ವಲ್ಪ ಜರುಗು ಅಣ್ಣ, ನಾನೊಂದ್ಸಲ ಸೀಟಲ್ಲಿ ಕೂತು ನೋಡ್ತೀನಿ," ಅಂದ. ಇವನು ಕಾರಿನ ಬಾಗಿಲನ್ನು ಅವನ ಮೂಗಿನ ಮುಂದೆಯೇ ಹಾಕಿ, "ನಿನ್ನ ಕೆಲಸ ನೀನು ನೋಡ್ಕೋ," ಎಂದುಬಿಟ್ಟ. ಬಂದವನು ಪೆಚ್ಚಾಗಿ ಹೋದ. ಅವತ್ತು ಅವಳಿಗೆ ಗಂಡನ ಮೇಲೆ ಸಿಟ್ಟು ಬಂತೇ ಹೊರತು ಬೇರೆ ಏನೂ ಹೊಳೆಯಲಿಲ್ಲ.

ಒಂದು ಸಮಾಧಾನದ ಮಾತನ್ನು ಮಾತ್ರ ಅವನೇ ಆಡಿದ್ದ. ಮೀಟರು ಸರಿಯಾಗುವ ತನಕ ಕಾರು ಎತ್ತುವುದಿಲ್ಲ, ಶಾಲೆ ಶುರುವಾದರೆ ಬೇರೆ ಗಾಡಿ ನೋಡಿಕೊಳ್ಳಿ ಎಂದು ಮಕ್ಕಳ ಮನೆಗಳಿಗೆ ಹೇಳಿ ಬಂದಿದ್ದ.

ರಜೆಯ ಕೊನೆಯ ದಿನ ಮಧ್ಯಾಹ್ನ ಕನ್ನಡಿಯೊಂದು ಬಿಟ್ಟು ಎಲ್ಲ ಜೋಡಿಸಿ ಮುಗಿಯಿತು. ಬಿಚ್ಚುವಾಗ ಕನ್ನಡಿ ಹಿಡಿಯುವ ಪ್ಲಾಸ್ಟಿಕ್ ಕೊಂಡಿ ಮುರಿದಿತ್ತು. ಅದನ್ನು ಅಂಟಿಸುವ ಮೊದಲು ಕನ್ನಡಿ ಯಾವ ಓರೆಯಲ್ಲಿ ಇರಬೇಕೆಂದು ಗೊತ್ತಾಗಬೇಕಿತ್ತು. ಒಬ್ಬರು ಕನ್ನಡಿ ಹಿಡಿಯಬೇಕು, ಒಬ್ಬರು ಸೀಟಿನಲ್ಲಿ ಕೂತು ನೋಡಬೇಕು.

"ಇಲ್ಲಿ ಬಾರೇ. ಡ್ರೈವರ್ ಸೀಟಲ್ಲಿ ಕೂರು."

"ನಾನಾ?"

"ಇನ್ಯಾರು? ಕೂತು ಏನು ಕಾಣುತ್ತೋ ಹೇಳು, ಅಷ್ಟೆ."

ಇಷ್ಟು ವರ್ಷದಲ್ಲಿ ಅವಳು ಆ ಸೀಟಿನಲ್ಲಿ ಕೂತದ್ದೇ ಇಲ್ಲ. ಕೂತರೆ ಕಾಲು ಪೆಡಲಿಗೆ ಎಟುಕಲಿಲ್ಲ, ಸೀಟಿನ ಕುಳಿಯಲ್ಲಿ ಅವನ ಮೈಯ ಅಳತೆ ಇತ್ತು. ಅವನು ಪಕ್ಕದ ಸೀಟಿನಿಂದ ಬಗ್ಗಿ, ಗುಂಡಿಯೊಳಗೆ ಎರಡು ಬೆರಳು ಇಳಿಬಿಟ್ಟು ಕನ್ನಡಿ ಹಿಡಿದು, ಕೀಲಿ ತಿರುಗಿಸಲು ಹೇಳಿದ. ಅವಳು ತಿರುಗಿಸಿದಳು.

ಗಾಜಿನಾಚೆ, ಬಾನೆಟ್ಟಿನ ತುದಿಯಲ್ಲಿ, ಹಸಿರು ಸೊನ್ನೆಯೊಂದು ಮೂಡಿತು. ಅದರ ಕೆಳಗೆ ಗೆರೆ. ಅವನು ಬೆರಳಲ್ಲಿ ತುಸು ಎತ್ತಿದ, ತುಸು ಇಳಿಸಿದ, ಸೊನ್ನೆ ಮೇಲೆ ಹೋಯಿತು, ಕೆಳಗೆ ಬಂತು, ನಿಂತಿತು. ಎಷ್ಟು ಚೆಂದ ಇದೆಯಲ್ಲ ಎಂದು ಅವಳು ಬೆರಗಾಗಿ ನೋಡಿದಳು. ತುಂಬಿದ ದುಂಡು ಸೊನ್ನೆ. ಗೆರೆಯಂತೂ ಅವಳ ಹೊಲಿಗೆಯಷ್ಟೇ ನೆಟ್ಟಗಿತ್ತು.

ಹೊಲಿಗೆ ನೆನಪಾದದ್ದೇ ತಡ, ಉಳಿದದ್ದೆಲ್ಲ ಒಂದರ ಹಿಂದೊಂದು ನೆನಪಾಯಿತು.

ನೆಟ್ಟಗಿದ್ದ ಪರದೆಯ ಅಂಚು. ಗೋಡೆಯ ಮೇಲಿನ ಪಟವನ್ನು ಅವನು ದಿನವೂ ಸರಿಪಡಿಸುತ್ತಿದ್ದದ್ದು. ಪೇಪರಿನವರು ಇತ್ತೀಚೆಗೆ ಅಕ್ಷರಗಳನ್ನು ತಿಂದುಹಾಕುತ್ತಾರೆ ಎಂದು ಬೈಯುತ್ತಿದ್ದದ್ದು. ಅವಳ ಅತ್ತೆಗೂ ಹೀಗೇ ಶುರುವಾಗಿತ್ತು. ಮೊದಲು ಬಾಗಿಲ ಚೌಕಟ್ಟು ಡೊಂಕಾಗಿದೆ ಎಂದು ಬಡಗಿಯನ್ನು ಕರೆಸಿದ್ದರು. ಆಮೇಲೆ ನೋಡಿದ್ದರ ನಟ್ಟನಡುವೆ ಮಬ್ಬು ಕವಿಯಿತು. ಕೊನೆಗಾಲದಲ್ಲಿ ಅತ್ತೆ ಮಾತಾಡುವವರ ಮುಖ ಬಿಟ್ಟು ಕಿವಿಯನ್ನು ನೋಡುತ್ತಿದ್ದರು. "ಕಿವಿ ನೋಡಿದ್ರೇನೇ ಮುಖ ಒಂಚೂರು ಕಾಣೋದು ಕಣೇ. ಅಲ್ಲಾಡಬೇಡ, ಹಂಗೇ ನಿಲ್ಲು," ಅನ್ನುತ್ತಿದ್ದರು. ಅವರನ್ನು ಕಣ್ಣಿನ ಡಾಕ್ಟರ ಹತ್ತಿರ ಇದೇ ಮಗ ಕರೆದೊಯ್ದಿದ್ದ. ಮುಚ್ಚಿಟ್ಟುಕೊಳ್ಳದೆ ಮೊದಲೇ ಬಂದಿದ್ದರೆ ಇದ್ದಷ್ಟು ದೃಷ್ಟಿ ಉಳಿಸಬಹುದಿತ್ತು ಎಂದು ಡಾಕ್ಟರು ಹೇಳಿದ್ದನ್ನು ಅವನೂ ಕೇಳಿದ್ದ, ಅವಳೂ ಕೇಳಿದ್ದಳು.

"ಏನಾಯ್ತೇ? ಹೆಂಗೆ ಕಾಣ್ತಿದೆ?"

ಅವನು ಬಗ್ಗಿಯೇ ಇದ್ದ. ಮುಖ ಕಾಣಲಿಲ್ಲ, ಬೋಳಾಗುತ್ತಿದ್ದ ನೆತ್ತಿ ಮಾತ್ರ ಕಂಡಿತು. ನೆಟ್ಟಗಿದೆ ಎಂದರೆ ಈ ಮನುಷ್ಯ ಇಲ್ಲೇ ಕುಸಿಯುತ್ತಾನೆ ಎಂದು ಅವಳಿಗೆ ಅನ್ನಿಸಿತು. ಸೊಟ್ಟಗಿದೆ ಎಂದರೆ ಕಾರು ಎತ್ತುವುದಿಲ್ಲ, ಮಕ್ಕಳು ಬೇರೆ ಗಾಡಿಯಲ್ಲಿ ಹೋಗುತ್ತವೆ, ನಾಳೆಯೋ ನಾಡಿದ್ದೋ ನಿಧಾನವಾಗಿ ಹೇಳಿ ಆಸ್ಪತ್ರೆಗೆ ಎಳೆದುಕೊಂಡು ಹೋದರಾಯಿತು.

"ಸೊಟ್ಟಗೇ ಇದೆ ರೀ," ಅಂದಳು. "ನೀವು ಹೇಳಿದ ಹಾಗೇ. ನಡುವಲ್ಲಿ ಬಾಗಿದೆ."

ಅವನು ಕೈ ಹೊರಗೆ ತೆಗೆದ. ಕಾರಿನಿಂದ ಇಳಿದು, ಜಗಲಿಯ ಮೇಲೆ ಕೂತು, ಎರಡೂ ಕೈಯಲ್ಲಿ ಮುಖ ಒರೆಸಿಕೊಂಡ. ಅಳುತ್ತಿದ್ದಾನೋ ಎಂದು ಅವಳು ಓಡಿ ಬಂದರೆ ಅವನು ನಗುತ್ತಿದ್ದ.

"ನಿಜವಾಗ್ಲೂ ಸೊಟ್ಟಗಿದ್ಯಾ? ನಿನ್ನ ಕಣ್ಣಿಗೂ?"

"ಹೂಂ ರೀ."

"ಅಯ್ಯೋ ಇವಳೇ! ಇಷ್ಟು ದಿನ ನಂಗೆ ಜೀವದಲ್ಲಿ ಜೀವ ಇರ್ಲಿಲ್ಲ ಕಣೇ. ಅಮ್ಮನಿಗೆ ಬಂದಿದ್ದೇ ನಂಗೂ ಬಂತು ಅಂದ್ಕೊಂಡಿದ್ದೆ. ಆ ಗ್ಯಾರೇಜಿನವನ ಬಾಯಿಂದ ಕೇಳೋಕೆ ಧೈರ್ಯ ಬರ್ಲಿಲ್ಲ. ಏನಿದ್ರೂ ನಿನ್ನ ಬಾಯಿಂದಾನೇ ಕೇಳೋಣ ಅಂತ ಕೂರಿಸ್ದೆ. ನೀನು ಸೊಟ್ಟ ಅಂದ್ರೆ ಸೊಟ್ಟಾನೇ. ನಿನ್ನಷ್ಟು ನೆಟ್ಟಗೆ ನೋಡೋ ಕಣ್ಣು ಇನ್ಯಾರದಿದೆ?"

ಅವಳು ಒಳಗೆ ಹೋಗಿ ತಟ್ಟೆ ಹಾಕಿದಳು.

ಊಟಕ್ಕೆ ಕೂತವನು ಎರಡನೇ ಸಲ ಅನ್ನ ಹಾಕಿಸಿಕೊಂಡ. ತಿಂದು ಕೈತೊಳೆದವನು ಫೋನ್ ಎತ್ತಿ ಮಕ್ಕಳ ಮನೆಗಳಿಗೆ ಒಂದೊಂದಾಗಿ ಮಾಡಿದ. "ಬೇರೆ ಗಾಡಿ ಬೇಡಮ್ಮ, ನಾಳೆ ನಾನೇ ಬರ್ತೀನಿ. ಮೀಟರು ಹಾಳಾಗಿ ಹೋಗ್ಲಿ, ಅದಿಲ್ದೇನೇ ಓಡಿಸೋರು ಎಷ್ಟು ಜನ ಇಲ್ಲ?" ಎಂದು ಅವನು ಗಟ್ಟಿಯಾಗಿ ಹೇಳುವುದು ಅಡುಗೆಮನೆಯವರೆಗೂ ಕೇಳುತ್ತಿತ್ತು. ಆಮೇಲೆ ಅವಳ ಮಿಷನ್ನಿನ ಮೇಲಿದ್ದ ಕತ್ತರಿ ತೆಗೆದುಕೊಂಡು ಹೋಗಿ, ಕಪ್ಪು ಟೇಪು ಕತ್ತರಿಸಿ, ಡ್ಯಾಶ್‌ಬೋರ್ಡಿನ ಗುಂಡಿಯ ಬಾಯಿಗೆ ಅಡ್ಡಡ್ಡ ಅಂಟಿಸಿದ. ಅಂಟಿಸುತ್ತ ಹಾಡಿನ ಧಾಟಿಯೊಂದನ್ನು ಗುನುಗುತ್ತಿದ್ದ.

ಕೈಯಾರೆ ಏನು ಮಾಡಿಬಿಟ್ಟೆ ಎಂದು ಅವಳಿಗೆ ಆಗ ಹೊಳೆಯಿತು. ಹೆದರಿಕೆಯಿಂದಲಾದರೂ ಅವನು ಕಾರು ಬಿಟ್ಟು ಕೂತಿದ್ದ. ಆ ಹೆದರಿಕೆಯನ್ನು ಅವಳೇ ತೆಗೆದುಹಾಕಿದ್ದಳು. ಹೇಳಬೇಕೆಂದು ಸಂಜೆಯೆಲ್ಲ ಅವನ ಹಿಂದೆ ಮುಂದೆ ಸುಳಿದಳು. ಅವನು ತಮಾಷೆ ಮಾಡಿದ, ಬಹಳ ದಿನದ ಮೇಲೆ ಅವಳ ಮಿಷನ್ನಿಗೆ ಎಣ್ಣೆ ಬಿಟ್ಟುಕೊಟ್ಟ, ಗುಂಡಿಗಳ ನಡುವೆ ಉಳಿದಿದ್ದ ಸ್ಕ್ರೂ ಆರಿಸಿ ಡಬ್ಬಿ ಚೊಕ್ಕ ಮಾಡಿದ. ನಾಲ್ಕಾರು ಗುಂಡಿಗಳು ಅವನ ಬೆರಳಿನ ಮುಂದೆಯೇ ಇದ್ದರೂ ಕಾಣದೆ ಉಳಿದವು. ಅವಳು ನೋಡಿಯೂ ನೋಡದವಳಂತೆ ಅವನ್ನು ಡಬ್ಬಿಗೆ ಹಾಕಿದಳು. ಇಷ್ಟು ಖುಷಿಯಾಗಿರುವ ಮನುಷ್ಯನಿಗೆ ಈಗ ಹೇಳುವುದು ಹೇಗೆ ಎಂದು ಮುಂದೂಡುತ್ತ ಮುಂದೂಡುತ್ತ ಮಲಗುವ ಹೊತ್ತಾಯಿತು.

ಬೆಳಗ್ಗೆ ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕಾರಿನಲ್ಲಿ ಕೂತ. ಎಂಜಿನ್ ಶುರುವಾದ ಸದ್ದಿಗೆ ಎದುರು ಮನೆಯಲ್ಲಿ, "ಆಮೆ ಮಾಮ ಬಂದ್ರು, ಬೇಗ ಬೂಟು ಹಾಕ್ಕೋ," ಎಂದು ತಾಯಿ ಮಗಳನ್ನು ಅವಸರಿಸುವುದು ಕೇಳಿಸಿತು. ಟೈಲರಕ್ಕನಿಗೆ ಅಷ್ಟೇ ಸಾಕಾಯಿತು. ಕೈಯಲ್ಲಿದ್ದ ಬಟ್ಟೆಯನ್ನು ಹಾಗೇ ಬಿಸುಟು ಓಡಿ ಹೋಗಿ ಕಾರಿನ ಕಿಟಕಿ ಹಿಡಿದುಕೊಂಡಳು. ಒಳಗೆ ಕೈ ಹಾಕಿ ಗುಂಡಿಯ ಮೇಲಿನ ಟೇಪನ್ನು ಕಿತ್ತಳು.

"ಏನೇ ಇದು? ಹುಚ್ಚಾ?"

"ಇಳೀರಿ. ಕಾರು ಎತ್ತಬೇಡಿ."

"ಯಾಕೆ?"

"ನೆಟ್ಟಗಿತ್ತು ರೀ. ನಿನ್ನೆ ನಾನು ಸುಳ್ಳು ಹೇಳ್ದೆ. ಸೊನ್ನೆ ದುಂಡಗಿತ್ತು. ಗೆರೆ ನೆಟ್ಟಗಿತ್ತು. ನೀವು ಕಾರು ಎತ್ತಲ್ಲ ಅಂದ್ಕೊಂಡು ಹಂಗಂದೆ."

ಅವನು ಗಾಜಿನ ಕಡೆ ನೋಡಿದ. ನೋಡುತ್ತಲೇ ಇದ್ದ. ಬೈದಾನು, ಇಷ್ಟು ವರ್ಷದಲ್ಲಿ ಆಡದ ಮಾತನ್ನೂ ಆಡಿಯಾನು ಎಂದು ಅವಳು ಕಾದಳು.

"ಪರದೆ?" ಎಂದು ಅವನು ಕೇಳಿದ.

"ಮೊದಲನೇ ಸಲಾನೇ ನೆಟ್ಟಗಿತ್ತು."

ಅವನು ಕೀಲಿ ತಿರುಗಿಸಿದ. ಎಂಜಿನ್ ನಿಂತಿತು. ಎದುರು ಮನೆಯ ಗೇಟು ತೆರೆದು, ಹೆಗಲಿಗೆ ಚೀಲ ಹಾಕಿಕೊಂಡ ಹುಡುಗಿ ಹೊರಗೆ ಬಂದಳು. ಆ ಚೀಲದ ಪಟ್ಟಿ ಟೈಲರಕ್ಕನೇ ಹೊಲಿದದ್ದು.

"ಮೀಟರು ಕೆಟ್ಟಿದೆ ಅನ್ನು ಅವರಿಗೆ," ಅಂದ ಅವನು ಸಣ್ಣ ದನಿಯಲ್ಲಿ. "ಈಗಲೇ ಹೇಳು, ಮಗೂಗೆ ಹೊತ್ತಾಗುತ್ತೆ."

"ಹೇಳ್ತೀನಿ. ಹೇಳಿ ಬರ್ತೀನಿ, ಆಮೇಲೆ ಆಸ್ಪತ್ರೆಗೆ ಹೋಗೋಣ. ಬಸ್ಸಲ್ಲಿ ಹೋಗೋಣ."

ಅವನು ಕೀಲಿಯನ್ನು ಅವಳ ಕೈಗಿಟ್ಟು, ಅವಳ ಕಡೆ ತಿರುಗಿದ. ತಿರುಗಿದವನ ನೋಟ ಅವಳ ಮುಖದ ಮೇಲೆ ನಿಲ್ಲದೆ, ತುಸು ಪಕ್ಕಕ್ಕೆ, ಅವಳ ಕಿವಿಯ ಮೇಲೆ ಹೋಗಿ ನಿಂತಿತು. ಬೀದಿಯಾಚೆ ಹುಡುಗಿಯ ತಾಯಿ ಏನೋ ಕೇಳುತ್ತಿದ್ದಳು. ಟೈಲರಕ್ಕ ಅತ್ತ ತಿರುಗಲಿಲ್ಲ. ತನ್ನ ಮುಖ ಅವನಿಗೆ ಒಂಚೂರಾದರೂ ಕಾಣಲಿ ಎಂದು, ಅಲ್ಲಾಡದೆ ಹಾಗೇ ನಿಂತಳು.