ಅಮ್ಮನ ದನಿಗೆ ಹಾಕಿದ ಬೀಗ

ನನ್ನ ತಮ್ಮ ಲಿಫ್ಟ್ ರಿಪೇರಿ ಮಾಡುವವನು. ಮನೆಯಲ್ಲಿ ನಾವು ಅವನನ್ನು ಸನ್ಯಾಸಿ ಎಂದು ಕರೆಯುತ್ತೇವೆ. ಮದುವೆಯಾಗಿಲ್ಲ ಎಂಬ ಕಾರಣಕ್ಕಲ್ಲ. ಅವನ ಕೋಣೆ ನೋಡಿದರೆ ಯಾರಾದರೂ ಹಾಗೇ ಕರೆದಾರು. ಒಂದು ಮಂಚ, ಒಂದು ಕುರ್ಚಿ, ಎರಡು ತಟ್ಟೆ, ಅಂಗಿ ತೂಗಹಾಕಲು ಗೋಡೆಗೊಂದು ಮೊಳೆ. ಎರಡನೆಯ ತಟ್ಟೆ ಯಾಕೆ ಎಂದು ಕೇಳಿದರೆ, "ನೀನು ಬಂದ್ರೆ ಬೇಕಲ್ಲ" ಎನ್ನುತ್ತಿದ್ದ. ಪ್ರೀತಿ ಇಲ್ಲದವನಲ್ಲ. ಫೋನು ಮಾತ್ರ ಗುಂಡಿ ಒತ್ತುವ ಹಳೇದು. ಕಂಪ್ಯೂಟರ್ ತೆರೆಯುತ್ತಿದ್ದುದು ಭಾನುವಾರ ಬೆಳಿಗ್ಗೆ ಹತ್ತರಿಂದ ಹನ್ನೊಂದರವರೆಗೆ. ಪಕ್ಕದಲ್ಲಿ ಅಲಾರಂ ಇಟ್ಟುಕೊಂಡಿರುತ್ತಿದ್ದ. ಅದು ಕಿಣಿಕಿಣಿ ಎಂದರೆ ಅರ್ಧ ಬರೆದ ವಾಕ್ಯವನ್ನೂ ಬಿಟ್ಟು ಎದ್ದುಬಿಡುತ್ತಿದ್ದ.

ಆ ಒಂದು ಗಂಟೆಯಲ್ಲಿ ಅವನಿಗೆ ಎರಡೇ ಕೆಲಸ. ಸಂಬಳದಲ್ಲಿ ಮಿಕ್ಕಿದ್ದನ್ನು ಕ್ರಿಪ್ಟೋ ನಾಣ್ಯಕ್ಕೆ ಹಾಕುವುದು ಒಂದು. ಇನ್ನೊಂದು, ಯಾವ ಕಂಪನಿಗೂ ಸೇರದ, ಯಾರೋ ನಾಲ್ಕಾರು ಜನ ತಮ್ಮ ಮನೆಯ ಕಂಪ್ಯೂಟರುಗಳಲ್ಲೇ ನಡೆಸುವ ಸಣ್ಣದೊಂದು ಸಾಮಾಜಿಕ ಜಾಲದಲ್ಲಿ ತನ್ನಂಥವರೇ ಆದ ಹದಿನಾಲ್ಕು ಜನರ ಜೊತೆ ಹರಟುವುದು.

"ಎಲ್ಲಾ ಬಿಟ್ಟೋನಿಗೆ ಇದೊಂದು ಯಾಕೋ?" ಎಂದು ಕೆಣಕುತ್ತಿದ್ದೆ.

"ಅಕ್ಕಾ, ಇಲ್ಲಿ ಯಜಮಾನ ಅಂತ ಯಾರೂ ಇಲ್ಲ. ನಮ್ದನ್ನ ನಾವೇ ಕಾಯ್ಕೋಬೇಕು. ಅದಕ್ಕೇ ನಂಗಿಷ್ಟ."

ಕಾಯ್ಕೋಪ್ಪ, ಎಂದು ಸುಮ್ಮನಾಗುತ್ತಿದ್ದೆ. ನನಗೇನು ಗೊತ್ತಿತ್ತು, ಕಾಯುವವನ ಜೊತೆ ನಾನೂ ಕಾವಲಿಗಿದ್ದೇನೆ ಎಂದು.

ಅಮ್ಮ ಮೂವತ್ತು ವರ್ಷ ಬಸ್ಸಿನ ಕಂಡಕ್ಟರ್ ಆಗಿದ್ದವಳು. ಅವಳು "ಮುಂದೆ ಹೋಗಿ, ಮುಂದೆ ಹೋಗಿ, ಬಾಗ್ಲಲ್ಲಿ ಏನು ಹಂಚ್ತಾ ಇದಾರಾ?" ಎಂದರೆ ಹಿಂದಿನ ಬಸ್ಸಿನಲ್ಲಿದ್ದವರೂ ಮುಂದೆ ಸರಿಯುತ್ತಿದ್ದರು. ಮನೆಯಲ್ಲೂ ಅದೇ ದನಿ. ಉಪ್ಪು ಕೇಳಿದರೆ ಬೀದಿಗೆಲ್ಲ ಗೊತ್ತಾಗುತ್ತಿತ್ತು. ಅಂಥವಳ ಗಂಟಲಿಗೇ ರೋಗ ಬಂತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು. ಮಾತು ಕಲಿಸುವ ಡಾಕ್ಟರಮ್ಮ ನಮ್ಮನ್ನು ಪಕ್ಕಕ್ಕೆ ಕರೆದು, "ಆಪರೇಷನ್ನಿಗೆ ಮುಂಚೆ ಅವರ ಮಾತನ್ನ ರೆಕಾರ್ಡ್ ಮಾಡಿಟ್ಕೊಳ್ಳಿ. ಆಮೇಲೆ ಒಂದು ಯಂತ್ರ ಕೊಡ್ತೀವಿ. ಅವರು ಟೈಪ್ ಮಾಡಿದ್ರೆ ಅದು ಅವರ ದನಿಯಲ್ಲೇ ಮಾತಾಡುತ್ತೆ" ಎಂದರು.

ತಮ್ಮ ಮೂರು ಸಂಜೆ ಕೂತು ರೆಕಾರ್ಡ್ ಮಾಡಿದ. ನನಗೆ ಕೆಲಸದ ಒತ್ತಡ, ಹೋಗಲಾಗಲಿಲ್ಲ. ಆಮೇಲೆ ಕೇಳಿದರಾಯಿತು ಎಂದುಕೊಂಡೆ. ಆ ರೆಕಾರ್ಡಿಂಗನ್ನು ಆಸ್ಪತ್ರೆಯವರೇ ಇಟ್ಟುಕೊಳ್ಳುತ್ತೇವೆಂದರೂ ಅವನು ಒಪ್ಪಲಿಲ್ಲ. "ಅಮ್ಮನ ದನೀನ ಕಂಪನಿಗಳ ಕೈಗೆ ಕೊಡಲ್ಲ. ನಾಳೆ ಅದೇ ದನಿಯಲ್ಲಿ ಸೋಪು ಮಾರ್ತಾರೆ" ಎಂದ. ಅದನ್ನು ಚೂರುಚೂರು ಮಾಡಿ, ಬೀಗ ಹಾಕಿ, ಲೋಕದ ಮೂಲೆಮೂಲೆಯ ನೂರಾರು ಅಪರಿಚಿತರ ಕಂಪ್ಯೂಟರುಗಳಲ್ಲಿ ಹರಡಿಟ್ಟ. ಯಾರೂ ಅಳಿಸುವಂತಿಲ್ಲ, ಯಾರೂ ಕೇಳುವಂತಿಲ್ಲ. ಬೀಗ ತೆಗೆಯಲು ಇಪ್ಪತ್ತನಾಲ್ಕು ಪದಗಳನ್ನು ಸರಿಯಾದ ಕ್ರಮದಲ್ಲಿ ಹೇಳಬೇಕು. ಅವನ ನಾಣ್ಯಕ್ಕೂ ಅದೇ ಬೀಗ. ಆಮೇಲೆ ರೆಕಾರ್ಡರಿನಲ್ಲಿದ್ದುದನ್ನು ಅಳಿಸಿದ. ನನ್ನ ಫೋನನ್ನೂ ತೆಗೆದುಕೊಂಡು, ಎಂಟು ವರ್ಷದ ಕಸ ಗುಡಿಸುತ್ತೇನೆಂದು ಚಿತ್ರ, ವಿಡಿಯೊ, ಅಮ್ಮ ಕಳಿಸಿದ್ದ ನಾಲ್ಕಾರು ಬೈಗುಳದ ಸಂದೇಶ ಎಲ್ಲವನ್ನೂ ಬಳಿದು ಹಾಕಿದ. "ಎಲ್ಲಾ ಒಂದೇ ಕಡೆ ಭದ್ರವಾಗಿದೆ ಅಕ್ಕ. ಎರಡೆರಡು ಕಡೆ ಇದ್ರೆ ಅದೇ ಕಸ" ಎಂದ. ನಾನು ಫೋನು ಕೊಟ್ಟೆ. ತಪ್ಪು ನನ್ನದೂ ಇದೆ.

ನಾನು ಹಲ್ಲು ಕಟ್ಟುವ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಡಾಕ್ಟರು ರೋಗಿಯ ಬಾಯಿಯ ಅಳತೆ ಕಳಿಸುತ್ತಾರೆ, ನಾವು ಅದಕ್ಕೆ ಬಿಳಿ ಪ್ಲಾಸ್ಟರ್ ಹುಯ್ದು ದವಡೆಯ ಅಚ್ಚು ಮಾಡಿ ಅದರ ಮೇಲೆ ಹಲ್ಲು ಕೂರಿಸುತ್ತೇವೆ. ಕೆಲಸ ಮುಗಿದ ಅಚ್ಚುಗಳನ್ನು ಎಸೆಯುವುದು ವಾಡಿಕೆ. ನನಗೆ ಮನಸ್ಸು ಬಾರದು. ಮೊದಲ ಬಾರಿ ಸರಿ ಬಂದದ್ದು, ಯಜಮಾನರು ಹೊಗಳಿದ್ದು, ಒಬ್ಬ ಮುದುಕಪ್ಪ ಹತ್ತು ವರ್ಷದ ನಂತರ ಅಗಿದು ಊಟ ಮಾಡಿದೆನೆಂದು ಬಂದು ಕೈ ಮುಗಿದದ್ದು, ಹೀಗೆ ಅರವತ್ತು ಚಿಲ್ಲರೆ ದವಡೆಗಳು ಮನೆಯ ಕಪಾಟಿನಲ್ಲಿ ಬಾಯಿ ಬಿಟ್ಟುಕೊಂಡು ಕೂತಿದ್ದವು. ಅದರಲ್ಲೊಂದು ತಮ್ಮನದು. ಅಮ್ಮನ ಆಪರೇಷನ್ನಿನ ಸುಮಾರಿಗೆ ಒಂದು ರಜೆಯ ದಿನ ಲ್ಯಾಬಿಗೆ ಬಂದು, ಕಲಿಸು ಎಂದು ಹಟ ಹಿಡಿದು ತನ್ನದೇ ಬಾಯಿಯ ಅಚ್ಚು ಹುಯ್ದುಕೊಂಡಿದ್ದ. ಗುಳ್ಳೆ ಗುಳ್ಳೆ, ಬುಡ ದಪ್ಪ, ನೋಡಲು ಅಸಹ್ಯ. ನಕ್ಕು ನಕ್ಕು ಸಾಕಾಗಿ ಮನೆಗೆ ತಂದು ಇಟ್ಟುಕೊಂಡಿದ್ದೆ.

ಆ ಕಪಾಟನ್ನು ಕಂಡರೆ ಸನ್ಯಾಸಿಗೆ ಉಪದೇಶ ಉಕ್ಕುತ್ತಿತ್ತು. "ಇವುಗಳಿಂದ ನಿಂಗೇನು ಉಪಯೋಗ? ನೆನಪು ವಸ್ತುವಿನಲ್ಲಿ ಇರಲ್ಲ ಅಕ್ಕ." ವರ್ಷಗಟ್ಟಲೆ ಹೇಳಿದ. ನಾಯಿ ಬಾಲಕ್ಕೆ ದಬ್ಬೆ ಕಟ್ಟಿದ ಹಾಗೆ, ನಾನು ಬದಲಾಗಲಿಲ್ಲ.

ಆಪರೇಷನ್ ಆಯಿತು. ಅಮ್ಮ ನನ್ನ ಮನೆಗೆ ಬಂದಳು, ಕುತ್ತಿಗೆಯಲ್ಲೊಂದು ತೂತು, ಕೈಯಲ್ಲೊಂದು ಸ್ಲೇಟು. ಅದೇ ಹೊತ್ತಿಗೆ ತಮ್ಮನಿಗೆ ಪರಸ್ಥಳದಲ್ಲಿ ನಲವತ್ತು ದಿನದ ಕೆಲಸ ಸಿಕ್ಕಿತು. ಫೋನೂ ಒಯ್ಯುವುದಿಲ್ಲ, ವಾರಕ್ಕೊಂದು ಕಾಗದ ಬರೆಯುತ್ತೇನೆ ಎಂದು, ಹೊರಡುವ ಮುನ್ನ ಕಂಪ್ಯೂಟರನ್ನೂ ಒರೆಸಿ ಖಾಲಿ ಮಾಡಿ ಹೋದ.

ಮನೆ ಇಕ್ಕಟ್ಟಾಯಿತು. ಅಮ್ಮನ ಔಷಧಿ, ಹತ್ತಿ, ನಳಿಕೆ, ಉಗಿ ಯಂತ್ರ ಇಡಲು ಜಾಗವಿಲ್ಲ. ಒಂದು ಮಧ್ಯಾಹ್ನ ಕಪಾಟಿನ ಮುಂದೆ ನಿಂತೆ. ಅಮ್ಮನಿಗೆ ದನಿಯೇ ಇಲ್ಲ, ನನಗೆ ಊರವರ ದವಡೆಯೆಲ್ಲ ಯಾಕೆ ಎನ್ನಿಸಿತು. ಸನ್ಯಾಸಿ ಹೇಳುವುದು ನಿಜವೇ ಇರಬೇಕು. ಒಂದೊಂದಾಗಿ ಗೋಣಿಗೆ ಹಾಕಿದೆ. ಅವನ ದವಡೆಯನ್ನು ಕೊನೆಗೆ ಕೈಗೆತ್ತಿಕೊಂಡು ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದೆ. ನೆನಪು ವಸ್ತುವಿನಲ್ಲಿ ಇರಲ್ಲ ಅಕ್ಕ. ಅದನ್ನೂ ಹಾಕಿದೆ. ಗೋಣಿಯನ್ನು ಲ್ಯಾಬಿನ ಪ್ಲಾಸ್ಟರ್ ಕಸದ ಜೊತೆ ಇಟ್ಟೆ, ಮಾರನೆಯ ದಿನ ಗಾಡಿ ಬಂದು ಒಯ್ದಿತು. ಮೈ ಹಗುರಾಗಿತ್ತು, ಸುಳ್ಳೇಕೆ ಹೇಳಲಿ. "ನೀನು ಬಂದಾಗ ಮನೆಯಲ್ಲಿ ಒಂದು ಆಶ್ಚರ್ಯ ಕಾದಿದೆ" ಎಂದು ಅವನಿಗೆ ಕಾಗದ ಬರೆದೆ. ಏನೆಂದು ಬರೆಯಲಿಲ್ಲ. ಅವನ ಮುಖ ಅರಳುವುದನ್ನು ಕಣ್ಣಾರೆ ನೋಡಬೇಕಿತ್ತು.

ಇದಾಗಿ ಮೂರು ವಾರಕ್ಕೆ ಅವನು ಬಂದ. ಅಮ್ಮನ ಗಾಯ ಆರಿತ್ತು, ಯಂತ್ರ ತಯಾರಿದೆ, ರೆಕಾರ್ಡಿಂಗ್ ತನ್ನಿ ಎಂದು ಡಾಕ್ಟರಮ್ಮ ಹೇಳಿಕಳಿಸಿದ್ದರು. ಚಪ್ಪಲಿ ಬಿಡುತ್ತಲೇ, "ಅಕ್ಕಾ, ಒಂದು ಸುತ್ತಿಗೆ ಕೊಡು. ಬೈಬೇಡ, ಒಂದು ದವಡೆ ಒಡೀತೀನಿ" ಎಂದು ನಗುತ್ತಾ ಒಳಗೆ ಬಂದ.

ನಾನು ಕೈ ಬೀಸಿ ಕಪಾಟು ತೋರಿಸಿದೆ. ಔಷಧಿ, ಹತ್ತಿ, ಮಡಿಸಿದ ಟವೆಲ್ಲುಗಳು. "ಹೆಂಗಿದೆ? ಕೊನೆಗೂ ನಿನ್ ಮಾತು ಕೇಳಿದ್ನಲ್ಲ!"

ಅವನ ನಗು ಹಾಗೇ ನಿಂತಿತು. "ಎಲ್ಲಿಟ್ಟಿದೀಯ?"

"ಎಸೆದೆ ಕಣೋ. ಎಲ್ಲಾನೂ."

"ನನ್ದು?"

"ನಿಂದೂನೂ."

ಅವನು ನೆಲದ ಮೇಲೆ ಕೂತ. ಆಗ ಹೇಳಿದ. ಇಪ್ಪತ್ತನಾಲ್ಕು ಪದದಲ್ಲಿ ಹನ್ನೆರಡು ಅವನ ತಲೆಯಲ್ಲಿದ್ದವು. ಇನ್ನು ಹನ್ನೆರಡನ್ನು ಉಕ್ಕಿನ ಪಟ್ಟಿಯ ಮೇಲೆ ಕೊರೆದು, ಆ ದವಡೆಯ ದಪ್ಪ ಬುಡದೊಳಗೆ ಹುಯ್ದು ಮುಚ್ಚಿದ್ದ. ಎಲ್ಲ ಪದ ಒಬ್ಬನ ತಲೆಯಲ್ಲೇ ಇದ್ದರೆ ಯಾರಾದರೂ ಹೊಡೆದು ಬಾಯಿ ಬಿಡಿಸಿಯಾರು ಎಂಬ ಭಯವಂತೆ. ನನಗೆ ಹೇಳಿದ್ದರೆ ನಾನು ಬಾಯಿ ಬಿಟ್ಟೇನು ಎಂಬ ಇನ್ನೊಂದು ಭಯ.

"ನನ್ ಮನೇಲಿ ಯಾಕೋ ಇಟ್ಟೆ, ಪಾಪಿ?"

"ನೀನು ಏನನ್ನೂ ಎಸೆಯಲ್ಲ ಅಂತ."

"ಮತ್ತೆ ವರ್ಷಗಟ್ಲೆ ಎಸಿ ಎಸಿ ಅಂತ ಪ್ರಾಣ ತಿಂದ್ಯಲ್ಲೋ!"

"ನೀನು ಕೇಳ್ತೀಯ ಅಂತ ನಾನ್ ಅಂದ್ಕೊಂಡೇ ಇರ್ಲಿಲ್ಲ ಅಕ್ಕ."

ನನಗೆ ಬಂದ ಸಿಟ್ಟಿಗೆ ಅಲ್ಲೇ ಎರಡು ಬಿಗಿಯಬೇಕಿತ್ತು. ತನ್ನ ಉಪದೇಶವನ್ನು ತಾನೇ ನಂಬದವನು, ಅದನ್ನು ನಾನು ನಂಬಿದೆನಲ್ಲ! "ಒಂದು ಲಿಫ್ಟಿಗೆ ಎಷ್ಟು ಹಗ್ಗ ಹಾಕ್ತೀಯೋ ನೀನು?" ಎಂದು ಕೇಳಿದೆ. ಅವನು ತಲೆ ತಗ್ಗಿಸಿಯೇ "ಐದು" ಎಂದ. "ಯಾರೋ ಗುರುತಿಲ್ಲದೋರು ನಾಲ್ಕು ಮಹಡಿ ಹತ್ತೋಕೆ ಐದು ಹಗ್ಗ. ಅಮ್ಮನಿಗೆ ಒಂದಾ?" ಅಮ್ಮ ಒಳಗಿನ ಕೋಣೆಯಲ್ಲಿ ಮಲಗಿದ್ದಳು, ನಾವು ಪಿಸುಮಾತಿನಲ್ಲೇ ಜಗಳವಾಡಿದೆವು.

ಕಸದ ಗಾಡಿಯವನನ್ನು ಹುಡುಕಿಕೊಂಡು ಊರಾಚೆಯ ಅಂಗಳಕ್ಕೆ ಹೋದೆವು. ಅಲ್ಲಿ ಪ್ಲಾಸ್ಟರು, ಇಟ್ಟಿಗೆ, ಗಾರೆ ಎಲ್ಲವನ್ನೂ ದೊಡ್ಡ ಯಂತ್ರವೊಂದು ಅರೆಯುತ್ತಿತ್ತು. ಮೇಸ್ತ್ರಿಗೆ ವಿಷಯ ಹೇಳಿದರೆ, "ಮೂರು ವಾರಾನಾ? ಈ ರಾಶಿ ನಿನ್ನೇದು ಕಣಮ್ಮ. ಮೂರು ವಾರದ್ದು ಯಾವ್ದೋ ರಸ್ತೆ ಕೆಳಗೆ ಮಲಗಿರುತ್ತೆ" ಎಂದ. ಕಬ್ಬಿಣವೆಲ್ಲ ಏನಾಗುತ್ತದೆ ಎಂದು ತಮ್ಮ ಕೇಳಿದ. ಅಯಸ್ಕಾಂತ ಎಳೆದುಕೊಳ್ಳುತ್ತದೆ, ಶನಿವಾರ ಶನಿವಾರ ಕರಗಿಸಲು ಲಾರಿಯಲ್ಲಿ ಹೋಗುತ್ತದೆ ಎಂದ ಮೇಸ್ತ್ರಿ. ಆದರೂ ತಮ್ಮ ಆ ರಾಶಿಯ ಮೇಲೆ ಹತ್ತಿ ಕೈಯಿಂದ ಕೆದಕತೊಡಗಿದ. ತನ್ನದಲ್ಲದ ರಾಶಿ ಎಂದು ಗೊತ್ತಿದ್ದೂ ಸಂಜೆಯವರೆಗೆ ಕೆದಕಿದ. ನಾನೂ ಕೆದಕಿದೆ. ಸಿಕ್ಕಿದ್ದು ಮುರಿದ ಕೊಳಾಯಿ, ಒಂದು ಬಾಗಿಲ ಚಿಲಕ.

ಉಳಿದ ಹನ್ನೆರಡು ಪದವನ್ನು ಊಹಿಸಿ ನೋಡಬಾರದೇ ಎಂದೆ. ಲೋಕದ ಕಂಪ್ಯೂಟರುಗಳನ್ನೆಲ್ಲ ಕೂರಿಸಿದರೂ ಸೂರ್ಯ ಆರಿಹೋಗುವಷ್ಟರಲ್ಲಿ ಮುಗಿಯದು ಎಂದ. ಭಾನುವಾರದವರೆಗೆ ಕಾಯಲಿಲ್ಲ. ಗುರುವಾರವೇ ನನ್ನ ಮನೆಯಲ್ಲಿ ಕೂತು, ನನ್ನ ಫೋನಿನಿಂದಲೇ, ತನ್ನ ಹದಿನಾಲ್ಕು ಜನಕ್ಕೆ ಎಲ್ಲ ಬರೆದ. ಅಲಾರಂ ಇಡಲಿಲ್ಲ. ಒಬ್ಬ, ಪಾಪ ಎಂದ. ಒಬ್ಬ, ಎರಡನೇ ಪ್ರತಿ ಯಾಕಿಲ್ಲ ಎಂದ. ಒಬ್ಬಳಂತೂ, "ಬೇಸರ ಮಾಡಿಕೊಳ್ಳಬೇಡಿ, ಬೀಗ ಸೋಲಲಿಲ್ಲವಲ್ಲ, ಅದು ಹೀಗೇ ಕೆಲಸ ಮಾಡಬೇಕು" ಎಂದು ಅಭಿನಂದಿಸಿದಳು. ಆರು ಜನ ಉತ್ತರಿಸಲೇ ಇಲ್ಲ. ಬಹುಶಃ ಅವರೂ ಭಾನುವಾರ ಮಾತ್ರ ಕಂಪ್ಯೂಟರ್ ತೆರೆಯುವವರು. ದೂರು ಕೊಡೋಣವೆಂದರೆ ಯಾರಿಗೆ ಕೊಡುವುದು? ಕಾಲು ಹಿಡಿಯೋಣವೆಂದರೂ ಅಲ್ಲೊಬ್ಬ ಯಜಮಾನನಿಲ್ಲ. ಅವನ ನಾಣ್ಯವೂ ಹೋಯಿತು. ಎಷ್ಟಿತ್ತೆಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ.

"ಅದ್ರಲ್ಲಿ ಅಮ್ಮ ಏನೇನು ಹೇಳಿದ್ಲೋ?" ಎಂದು ಕೇಳಿದೆ. ಅಷ್ಟಾದರೂ ಇರಲಿ ಎಂದು.

ಅವನಿಗೆ ಸರಿಯಾಗಿ ನೆನಪಿರಲಿಲ್ಲ. ದನಿ ಹೆಚ್ಚಾಯಿತೇ ಕಡಿಮೆಯಾಯಿತೇ ಎಂದು ರೆಕಾರ್ಡರಿನ ಮುಳ್ಳನ್ನೇ ನೋಡುತ್ತಾ ಕೂತಿದ್ದನಂತೆ. ಡಾಕ್ಟರಮ್ಮ ಕೊಟ್ಟ ವಾಕ್ಯಗಳು, ಬಸ್ಸಿನ ನಿಲ್ದಾಣಗಳ ಹೆಸರು, ಒಂದಿಷ್ಟು ಬೈಗುಳ. ಆಮೇಲೆ ತಡೆದು ತಡೆದು ಹೇಳಿದ: "ಕೊನೇ ದಿನ ನನ್ನ ಹೊರಗೆ ಕಳಿಸಿದ್ಲು. ನೀನ್ ಕೇಳ್ಬಾರ್ದು, ಇದು ಅಕ್ಕಂಗೆ ಅಂದ್ಲು. ಹತ್ತು ನಿಮಿಷ ಒಬ್ಳೇ ಮಾತಾಡಿದ್ಲು."

ನಾನು ಎದ್ದು ಹೋಗಿ ಪಾತ್ರೆ ತೊಳೆದೆ. ತೊಳೆದಿದ್ದನ್ನೇ ಮತ್ತೆ ತೊಳೆದೆ. ಹುಟ್ಟಿದಂದಿನಿಂದ ನನ್ನನ್ನು ಬೈದದ್ದಷ್ಟೇ ಅಮ್ಮ. ಅಪ್ಪ ಹೋದ ಮೇಲೆ ನಾನು ಓದು ಬಿಟ್ಟು ಲ್ಯಾಬಿಗೆ ಸೇರಿದಾಗಲೂ, ನನ್ನ ಮದುವೆ ಮುರಿದಾಗಲೂ ಅವಳು ಒಳ್ಳೆಯದೊಂದು ಮಾತಾಡಿದ್ದು ನನಗೆ ಜ್ಞಾಪಕವಿಲ್ಲ. ಆ ಹತ್ತು ನಿಮಿಷ ಈಗಲೂ ಇದೆ. ಎಲ್ಲೆಲ್ಲಿಯದೋ ನೂರು ಮನೆಗಳಲ್ಲಿ, ನನಗೆ ಸೇರಿದ ಮಾತು, ಯಾರಿಗೂ ಕೇಳದೆ ಕೂತಿದೆ.

ಅಮ್ಮನಿಗೆ ಹೇಳಲೇಬೇಕಾಯಿತು. ತಮ್ಮ ಅವಳ ಕಾಲ ಬಳಿ ಕೂತು ಎಲ್ಲ ಹೇಳಿದ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆವು. ಅವಳು ಸ್ಲೇಟು ತೆಗೆದುಕೊಂಡು "ಅನ್ನ ಆಯ್ತಾ?" ಎಂದು ಬರೆದಳು, ಅಷ್ಟೇ.

ಮುಂದಿನ ವಾರ ಮೂವರೂ ಡಾಕ್ಟರಮ್ಮನ ಬಳಿ ಹೋದೆವು. ರೆಕಾರ್ಡಿಂಗ್ ಇಲ್ಲದಿದ್ದರೆ ಯಂತ್ರದಲ್ಲೇ ಇರುವ ಸಿದ್ಧ ದನಿಗಳಲ್ಲಿ ಒಂದನ್ನು ಆರಿಸಿಕೊಳ್ಳಬೇಕು ಎಂದರು. ಹೆಂಗಸಿನ ದನಿ ಮೂರು ಇದ್ದವು, ಮೂರೂ ಇಪ್ಪತ್ತೈದರ ಹುಡುಗಿಯರದು. ಅಮ್ಮ ಮೂರನ್ನೂ ಕೇಳಿ ಎರಡನೆಯದಕ್ಕೆ ಬೆರಳು ತೋರಿಸಿದಳು. ನಿಧಾನವಾಗಿ ಏನೋ ಟೈಪ್ ಮಾಡಿದಳು. "ದಯವಿಟ್ಟು ಕಿಟಕಿ ತೆರೆಯಿರಿ" ಎಂದು ಯಂತ್ರ ಜೇನು ಸುರಿದಂತೆ ಹೇಳಿತು. ಜನ್ಮದಲ್ಲಿ ದಯವಿಟ್ಟು ಎಂದವಳಲ್ಲ ನಮ್ಮಮ್ಮ. ಆ ಪದವನ್ನು ಯಂತ್ರವೇ ಸೇರಿಸಿಕೊಂಡಿತ್ತಂತೆ. ಡಾಕ್ಟರಮ್ಮ ಚಪ್ಪಾಳೆ ತಟ್ಟಿದರು. ತಮ್ಮ ಎದ್ದು ಕಿಟಕಿ ತೆರೆದ, ಅಲ್ಲೇ ಬೆನ್ನು ತಿರುಗಿಸಿ ನಿಂತುಬಿಟ್ಟ.

ನನಗೆ ತಡೆಯಲಾಗಲಿಲ್ಲ. ಅಮ್ಮನ ಪಕ್ಕದಲ್ಲಿ ಬಗ್ಗಿ ಕೂತೆ. "ಅಮ್ಮಾ, ಕೊನೇ ದಿನ ನಂಗೆ ಅಂತ ಏನೋ ಹೇಳಿದ್ಯಂತಲ್ಲ. ಇದ್ರಲ್ಲಿ ಟೈಪ್ ಮಾಡು. ಪೂರ್ತಿ ಬೇಡ. ಎರಡೇ ಮಾತು."

ಅಮ್ಮ ನನ್ನನ್ನು ನೋಡಿದಳು. ಯಂತ್ರದ ಮೇಲೆ ಬೆರಳಿಟ್ಟಳು, ಒಂದು ಅಕ್ಷರ ಒತ್ತಿದಳು, ತೆಗೆದಳು. ಮತ್ತೆ ಒತ್ತಿದಳು. ಆಮೇಲೆ ಯಂತ್ರವನ್ನು ಆಫ್ ಮಾಡಿ ಪಕ್ಕಕ್ಕೆ ಸರಿಸಿ ಸ್ಲೇಟು ಎತ್ತಿಕೊಂಡಳು.

"ಈ ಹುಡುಗಿ ಬಾಯಲ್ಲಿ ಬೇಡ" ಎಂದು ಬರೆದಿದ್ದಳು.

ಹಾಗಾದರೆ ಸ್ಲೇಟಿನ ಮೇಲೇ ಬರಿ ಎಂದೆ. ಅವಳು ಬೇಡವೆಂದು ತಲೆಯಾಡಿಸಿ, ಬರೆದದ್ದನ್ನು ಸೆರಗಿನಿಂದ ಒರೆಸಿದಳು. ಮುಂದಿನ ರೋಗಿ ಬಾಗಿಲಲ್ಲಿ ಕಾಯುತ್ತಿದ್ದರು, ನಾವು ಎದ್ದೆವು.