ನಡುಗಲ್ಲಿಯ ಚರಟ

ಸುಯಿಂಗ್‌ಗೆ ಮೂಗು ಕಟ್ಟಿತ್ತು, ಪಾದ ಊದಿಕೊಂಡು ಚಪ್ಪಲಿಗೆ ತೂರುತ್ತಿರಲಿಲ್ಲ. ವೈದ್ಯರು ಕಟ್ಟಿಕೊಟ್ಟ ಪೊಟ್ಟಣದಲ್ಲಿ ಮೂಗಿಗೆಂದು ಮ್ಯಾಗ್ನೋಲಿಯಾ ಹೂವಿನ ಮೊಗ್ಗು, ಊತಕ್ಕೆಂದು ಶುಂಠಿಸಿಪ್ಪೆ, ಕಿತ್ತಳೆಸಿಪ್ಪೆ. ಮಣ್ಣಿನ ಮಡಕೆಯಲ್ಲಿ ಕುದಿಸಿ, ಕಣ್ಣು ಮುಚ್ಚಿ ಕುಡಿದಳು. ಕಹಿ ಅಂದರೆ ಕಹಿ. ಕುಡಿದಷ್ಟಕ್ಕೇ ಮುಗಿಯಲಿಲ್ಲ, ಮಡಕೆಯ ತಳದಲ್ಲುಳಿದ ಚರಟವನ್ನು ದಾರಿಗೆ ಸುರಿಯಬೇಕು, ಹೋಗಿಬರುವವರು ಅದನ್ನು ತುಳಿದು ಕಾಯಿಲೆಯನ್ನು ಹೊತ್ತೊಯ್ಯಬೇಕು. ಮುತ್ತಜ್ಜಿಯ ಕಾಲದಿಂದ ಗಲ್ಲಿಯಲ್ಲಿ ನಡೆದುಬಂದದ್ದು.

ಆ ಹಾಳು ಚರಟವೇ ಗೆಳೆತನ ಮುರಿದಿದ್ದು. ಹೋದ ಚಳಿಗಾಲದಲ್ಲಿ ಸುಯಿಂಗ್ ನೋಡದೆ ಸುರಿದದ್ದು ಎದುರುಮನೆ ಬಾವ್ಜು ಅಕ್ಕನ ಹೊಸ್ತಿಲಿಗೇ ಬಿತ್ತು. ಮಾರನೆಯ ದಿನ ಅಕ್ಕ ಸೀನಿದಳು. "ನಿನ್ ರೋಗಾನ ನನ್ ಮನೆಗೇ ಕಳಿಸ್ತೀಯೇನೆ?" ಅಂದವಳು ಆಮೇಲೆ ತುಟಿ ಬಿಚ್ಚಲಿಲ್ಲ. ಹರೆಯದಿಂದ ದಿನಾ ಬೆಳಿಗ್ಗೆ ಒಂದೇ ಬೆಂಚಿನಲ್ಲಿ ಕೂತು ಬಿಸಿ ತೋಫು ತಿಂದವರು. ಈಗ ಸುಯಿಂಗ್‌ಗೆ ತೋಫುವೂ ಸಪ್ಪೆ, ಬೆಳಗೂ ಸಪ್ಪೆ. ತಪ್ಪಾಯ್ತು ಅನ್ನಲು ಹಾಳು ಜಂಬ ಬಿಡಬೇಕಲ್ಲ.

ಈ ಸಲ ಕುಂಟುತ್ತಾ ನಡುಗಲ್ಲಿಗೇ ಹೋಗಿ ಸುರಿದಳು. ಅಕ್ಕನ ಬಾಗಿಲ ಕಡೆ ಉರುಳಿದ ಮೊಗ್ಗೊಂದನ್ನು ಹೆಕ್ಕಿ ವಾಪಸು ಹಾಕಿ, ಬಂದು ಬಾಗಿಲಲ್ಲಿ ಕೂತಳು.

ತುಳಿಯುವವರು ಯಾರು? ಶಾವಿಗೆ ಮಾರುವವನು ಚರಟವನ್ನು ಸುತ್ತುಹಾಕಿ ಗಾಡಿ ತಳ್ಳಿಕೊಂಡು ಹೋದ. ಒಬ್ಬ ಹುಡುಗಿ ಹಾರಿ ದಾಟಿದಳು. ಕ್ಷೌರದ ಚೆಂಗ್ ನಿಂತು, "ಅತ್ತೆ, ನಾಳೆ ಮಗಳ ಮದುವೆ. ಮೂಗು ಕಟ್ಕೊಂಡು ನಿಂತ್ಕೊಳ್ಲಾ?" ಎಂದು ಗೋಡೆ ಸವರಿಕೊಂಡು ಹೋದ.

ಅಷ್ಟರಲ್ಲಿ ಬಾವ್ಜು ಅಕ್ಕನ ಬಾಗಿಲು ತೆರೆಯಿತು. ಕೈಯಲ್ಲಿ ಪೊರಕೆ. ಸುಯಿಂಗ್ ಊದಿದ ಕಾಲನ್ನು ಒಳಗೆಳೆದುಕೊಂಡಳು. ಇನ್ನೇನು, ಗುಡಿಸಿ ನನ್ನ ಮನೆಯೊಳಗೇ ತಳ್ಳುತ್ತಾಳೆ ಅಂದುಕೊಂಡಳು.

ಅಕ್ಕ ಪೊರಕೆಯನ್ನು ಗೋಡೆಗೆ ಒರಗಿಸಿದಳು. ನೆಟ್ಟಗೆ ಬಂದು ಚರಟದ ಮೇಲೆ ನಿಂತಳು. ಉಪ್ಪಿನಕಾಯಿ ಹಾಕಲು ಸೊಪ್ಪನ್ನು ತೊಟ್ಟಿಯಲ್ಲಿ ತುಳಿಯುವ ಹಾಗೆ ಎರಡೂ ಕಾಲಲ್ಲಿ ಚೆನ್ನಾಗಿ ತುಳಿದಳು.

"ಅಕ್ಕಾ, ಸಾಕು, ನಿಂಗೆ ಅಂಟುತ್ತೆ," ಎಂದಳು ಸುಯಿಂಗ್.

"ಅಂಟ್ಲಿ. ನಿನ್ ಕಟ್ಕೊಂಡ ಮೂಗಿನ ರೋಗಾನ ಕಂಡೋರ್ಯಾಕೆ ಹೊರ್ತಾರೆ? ಎದುರುಮನೇಲಿ ನಾನಿಲ್ವಾ?"

ಸುಯಿಂಗ್ ಗೋಡೆ ಹಿಡಿದು ಎದ್ದುನಿಂತಳು. "ಆವತ್ತು ತಪ್ಪು ನಂದೇ, ಅಕ್ಕ."

"ಗೊತ್ತು. ಹೇಳೋಕೆ ಕಾಲು ಊದ್ಬೇಕಾಯ್ತು." ಅಕ್ಕ ಚಪ್ಪಲಿ ಒರೆಸಿಕೊಂಡಳು. "ನಾಳೆ ನಾನು ಸೀನಿದ್ರೆ ನನ್ ಚರಟಾನ ನಿನ್ ಹೊಸ್ತಿಲಿಗೇ ಸುರೀತೀನಿ. ತುಳಿದ್ಬಿಟ್ಟೇ ತೋಫು ತಿನ್ನೋಕೆ ಬಾ."